ಹಿತ್ತಿಲಿಗೆ ಬಂದ ಬಿಳಿ ಕೋಳಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಹಾಲಿನ ವಿಷಯ, ಸಾಲ ವಸೂಲಿಯ ವಿಷಯ ಮಾತಾಡಲು ನಮಗಿಂತ ತಿಳಿದವರು ಇಲ್ಲಿದ್ದಾರೆ. ಕಾರ್ಯದರ್ಶಿಗಳು ನಮಗೆ ಕೋಳಿಯ ವಿಷಯ ಕೊಟ್ಟಿದ್ದಾರೆ. ಯಾಕೆ ಕೊಟ್ಟರು ಅಂತ ಊರಿನವರಿಗೆಲ್ಲ ಗೊತ್ತು, ಆಗಲೇ ಹಿಂದೆ ಕೂತವರು ನಗುತ್ತಿದ್ದಾರೆ. ನಗಲಿ. 2018ರ ಕೋಳಿ ಪುರಾಣದಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ನಾಲ್ಕು ಮಾತು ಹೇಳುತ್ತೇವೆ.

ಆ ವರ್ಷ ದೀಪಾವಳಿ ಮುಗಿದು ಒಂದು ವಾರಕ್ಕೆ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಒಬ್ಬ ಬಂದ. ಬೆಳಿಗ್ಗೆ ಹಾಲು ಹಾಕುವ ಹೊತ್ತು, ಸಂಘದ ಮುಂದೆಯೇ ನಿಲ್ಲಿಸಿದ. "ಗಿರಿರಾಜ ಮರಿ, ಹಿತ್ತಿಲಲ್ಲಿ ಓಡಾಡಿಕೊಂಡು ಮೇಯ್ತವೆ, ವರ್ಷಗಟ್ಟಲೆ ಮೊಟ್ಟೆ ಇಕ್ತವೆ" ಅಂದ. ನಾವು ಮೊದಲು ಹತ್ತು ಮರಿ ತಗೊಂಡೆವು. ನಿರ್ದೇಶಕರೇ ತಗೊಂಡರಲ್ಲ ಅಂತ ಮಿಕ್ಕವರೂ ತಗೊಂಡರು. ಹಾಲಿನ ಬಟವಾಡೆಯ ದುಡ್ಡು ಅನೇಕರ ಕೈಯಿಂದ ಹಾಗೇ ಬುಟ್ಟಿಯವನ ಜೇಬಿಗೆ ಹೋಯಿತು. ಬುಟ್ಟಿ ಖಾಲಿ.

ಮರಿಗಳೆಲ್ಲ ಒಂದೇ ಅಚ್ಚಿನ ಹಾಗೆ ಹಳದಿ ಬಣ್ಣ. ಅಲ್ಲೇ ನಮಗೆ ಅನುಮಾನ ಬರಬೇಕಿತ್ತು. ಗಿರಿರಾಜ ಎಂಬುದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲ ಸಾಕಣೆಗೆಂದೇ ಹೆಬ್ಬಾಳದಲ್ಲಿ ಬೆಳೆಸಿದ ತಳಿ. ಅದು ಬಣ್ಣಬಣ್ಣದ ಪುಕ್ಕದ ಕೋಳಿ, ಒಂದು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ನಮ್ಮ ಹಳದಿ ಮರಿಗಳು ಮೂರನೇ ವಾರಕ್ಕೆ ಹಾಲಿನಂತೆ ಬೆಳ್ಳಗಾದವು. ಸಂಕ್ರಾಂತಿಗೆ ಮುಂಚೆಯೇ ಒಂದೊಂದೂ 2 ಕೆ.ಜಿ. ದಾಟಿದವು. ಆಗ ಗೊತ್ತಾಯಿತು, ಇವು ಫಾರಂ ಕೋಳಿ, ಬ್ರಾಯ್ಲರ್.

ಅಷ್ಟರಲ್ಲಿ ಮಕ್ಕಳು ಅವಕ್ಕೆ ಹೆಸರಿಟ್ಟಾಗಿತ್ತು. ನಾವು ಕೋಳಿ ತಿನ್ನುವವರೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಹೆಸರಿಟ್ಟ ಕೋಳಿಯನ್ನು ಕೊಯ್ಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೇ ಆಯಿತು. ನಾಟಿ ಕೋಳಿ ಮನುಷ್ಯರನ್ನು ಕಂಡರೆ ದೂರ ಓಡುತ್ತದೆ. ಇವು ಹಾಗಲ್ಲ, ಕರೆದರೆ ಬರುತ್ತವೆ, ಮಡಿಲಲ್ಲಿ ಕೂರುತ್ತವೆ. ಮಕ್ಕಳಿಗೆ ಇನ್ನೇನು ಬೇಕು?

ಪ್ರೀತಿ ಜಾಸ್ತಿಯಾದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಇಕ್ಕುತ್ತಾರೆ. ಅನ್ನ, ಮುದ್ದೆ ಚೂರು, ಜೋಳದ ನುಚ್ಚು, ಹಸುವಿನ ಹಿಂಡಿಯಲ್ಲೂ ಒಂದು ಹಿಡಿ. ಕೋಳಿ ಎಷ್ಟು ಹಾಕಿದರೂ ತಿಂದಿತು. ಶಿವರಾತ್ರಿ ಹೊತ್ತಿಗೆ ನಡೆಯಲಾರದೆ ಕೂತಲ್ಲೇ ಕೂತವು. ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಕೊಡದ ಹಾಗೆ ಆಯಿತು, ಜುಟ್ಟು ನೀಲಿಗಟ್ಟಿತು. ಕೆಲವು ಬಟ್ಟಲ ಮುಂದೆಯೇ ರೆಕ್ಕೆ ಬಡಿದು ಬಿದ್ದುಹೋದವು. ರೋಗ ಬಂತು, ದೃಷ್ಟಿ ತಾಗಿತು ಎಂದೆಲ್ಲ ಮಾತಾಯಿತು. ಯುಗಾದಿ ಕಳೆಯುವ ಹೊತ್ತಿಗೆ ನಮ್ಮ ಹತ್ತರಲ್ಲಿ ಎರಡು ಉಳಿದವು. ಪಕ್ಕದ ಮನೆಯ ಮಗು ಸತ್ತ ಕೋಳಿ ತಂದು ನಮ್ಮ ಜಗಲಿ ಮೇಲೆ ಇಟ್ಟು, "ನೀವೇ ತಾನೆ ತಗೊಳ್ಳಿ ಅಂದಿದ್ದು" ಅಂತ ಕೇಳಿತು. ಇಷ್ಟು ವರ್ಷದ ಮಹಾಸಭೆಗಳಲ್ಲಿ ನಮಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಪಶುವೈದ್ಯರ ಹತ್ತಿರ ಹೋಗಿ ಕೂತೆವು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಈ ಕೋಳಿ ತಾನಾಗಿ ಹುಟ್ಟಿದ ಜಾತಿಯಲ್ಲ. ಇಂಗ್ಲೆಂಡಿನ ಕಾರ್ನಿಷ್ ಹುಂಜ, ಅಮೆರಿಕದ ಬಿಳಿ ಪ್ಲಿಮತ್ ರಾಕ್ ಹೇಟೆ, ಇವುಗಳ ಮೂಲದಿಂದ ಆರಿಸಿ ಆರಿಸಿ ಮಾಡಿದ ತಳಿ. 1940ರ ದಶಕದಲ್ಲಿ ಅಮೆರಿಕದಲ್ಲಿ "ನಾಳೆಯ ಕೋಳಿ" ಅಂತ ಒಂದು ಸ್ಪರ್ಧೆಯನ್ನೇ ಇಟ್ಟಿದ್ದರಂತೆ, ಯಾರ ಕೋಳಿ ಬೇಗ ಬೆಳೆದು ಹೆಚ್ಚು ಮಾಂಸ ಕೊಡುತ್ತದೆ ಅಂತ. ಅದರ ಅಂತಿಮ ಸುತ್ತು 1948ರಲ್ಲಿ ನಡೆಯಿತು. ಅಲ್ಲಿಂದ ಇಲ್ಲಿಯವರೆಗೂ ಅದೇ ದಾರಿ. ಈಗ ಆರು ವಾರಕ್ಕೆ 2 ಕೆ.ಜಿ. ಮೀರುತ್ತದೆ. ಎದೆಯ ಮಾಂಸ ಬೆಳೆದ ವೇಗಕ್ಕೆ ಗುಂಡಿಗೆ, ಶ್ವಾಸಕೋಶ, ಕಾಲಿನ ಮೂಳೆ ಬೆಳೆಯುವುದಿಲ್ಲ. ನಾಟಿ ಕೋಳಿ ಹೊಟ್ಟೆ ತುಂಬಿದರೆ ಕೆದಕಲು ಹೋಗುತ್ತದೆ. ಇದಕ್ಕೆ ಸಾಕು ಅನ್ನುವುದೇ ಗೊತ್ತಾಗುವುದಿಲ್ಲ. ಆ ಗುಣವನ್ನು ನೋಡಿಯೇ ಆರಿಸಿದ್ದು.

ಹಾಗಾದರೆ ಮರಿ ಮಾಡುವ ಕಂಪನಿಯವರು ಇದರ ತಂದೆ ತಾಯಿಗಳನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ಕೇಳಿದೆವು. ತೂಗಿ ಹಾಕುತ್ತಾರೆ. ಅಳತೆ ಮೇವಿನ ಮೇಲೆ ಆ ಹಕ್ಕಿಗಳು ಅರವತ್ತು ವಾರದವರೆಗೂ ಮೊಟ್ಟೆ ಇಡುತ್ತವಂತೆ. ಇದೊಂದು ಮಾತು ನಮ್ಮ ಕಣ್ಣು ತೆರೆಸಿತು. ಎಮ್ಮೆಗೆ ಹಿಂಡಿ ಕಡಿಮೆ ಮಾಡಿದರೆ ಹಾಲು ಕಡಿಮೆಯಾಗುತ್ತದೆ, ಈ ಕೋಳಿಗೆ ಕಡಿಮೆ ಮಾಡಿದರೆ ಆಯಸ್ಸು ಹೆಚ್ಚಾಗುತ್ತದೆ.

ಇಂಥ ಮರಿ ಈಗಲೂ ಮನೆಗೆ ಬರುತ್ತದೆ. ಶೆಡ್ಡಿನವರು ಕುಂಟು ಮರಿಯನ್ನು ಮಕ್ಕಳ ಕೈಗೆ ಕೊಡುತ್ತಾರೆ, ಅದೂ ಬ್ರಾಯ್ಲರೇ. ಜಾತ್ರೆಯಲ್ಲಿ ಬಣ್ಣ ಹಾಕಿ ಮಾರುವ ಮರಿಗಳ ಕಥೆ ಬೇರೆ, ಅವು ಬಹುಪಾಲು ಮೊಟ್ಟೆ ಜಾತಿಯ ಹುಂಜ ಮರಿಗಳು, ಫಾರಂನವರಿಗೆ ಬೇಡವಾದವು. ಬ್ರಾಯ್ಲರ್ ಬಂದರೆ ಹೀಗೆ ನೋಡಿಕೊಳ್ಳಿ. ಮೊದಲ ವಾರ ಬುಟ್ಟಿಯಲ್ಲಿ 35 ಡಿಗ್ರಿ ಶಾಖ ಬೇಕು. ಬಲ್ಬು ಹಾಕಿ, ವಾರ ವಾರ ಸ್ವಲ್ಪ ಮೇಲೆತ್ತಿ ಶಾಖ ಇಳಿಸಿ. ಎರಡು ವಾರ ಹೊಟ್ಟೆ ತುಂಬ ಮರಿ ಮೇವು ಕೊಡಿ. ಮೂರನೇ ವಾರದಿಂದ ಅಳತೆ. ಬಟ್ಟಲು ರಾತ್ರಿ ಖಾಲಿ ಇರಲಿ. ದೊಡ್ಡದಾದ ಮೇಲೆ ದಿನಕ್ಕೆ 100ರಿಂದ 120 ಗ್ರಾಂ, ಅದೂ ಎರಡು ಸಲ, ಬ್ರಾಯ್ಲರ್ ಮೇವಲ್ಲ, ಮೊಟ್ಟೆ ಕೋಳಿಯ ಮೇವು. ಸೊಪ್ಪು ಸದೆ ಎಷ್ಟಾದರೂ ಹಾಕಿ. ನೀರನ್ನು ಒಂದು ಮೂಲೆ, ಮೇವನ್ನು ಇನ್ನೊಂದು ಮೂಲೆಯಲ್ಲಿಡಿ, ನಡೆಯಲಿ. ಕೂಗಿಕೊಳ್ಳುತ್ತದೆ, ಕಾಲಿಗೆ ಸುತ್ತುತ್ತದೆ, ಮನಸ್ಸು ಕರಗುತ್ತದೆ. ಅಜ್ಜಿಯರಿಗೆ ಇದನ್ನು ಒಪ್ಪಿಸುವುದೇ ಕಷ್ಟ, ನಮ್ಮ ಮನೆಯಲ್ಲಿ ಮೇವಿನ ಡಬ್ಬಕ್ಕೆ ಬೀಗ ಹಾಕಬೇಕಾಯಿತು.

ಎತ್ತರದ ಅಟ್ಟಣೆ ಬೇಡ. ಧುಮುಕಿದರೆ ಕಾಲು ಹೋಗುತ್ತದೆ. ಭತ್ತದ ಹೊಟ್ಟು ಎರಡು ಮೂರು ಅಂಗುಲ ಹಾಸಿ ಒಣಗಿದ ಹಾಗೆ ನೋಡಿಕೊಳ್ಳಿ. ಒದ್ದೆಯಾದರೆ ರಕ್ತಭೇದಿ, ಪಾದದಡಿ ಹುಣ್ಣು, ಎದೆ ಹುಣ್ಣು ಎಲ್ಲ ಬರುತ್ತವೆ. ಇದು ಓಡಲಾರದು, ಹಾರಲಾರದು, ಆದ್ದರಿಂದ ನಾಯಿ, ಮುಂಗುಸಿಗೆ ಸುಲಭದ ತುತ್ತು. ಬೇಸಿಗೆ ಇನ್ನೂ ದೊಡ್ಡ ಶತ್ರು. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆಗೆದು ಏದುಸಿರಿನಲ್ಲೇ ಮೈ ತಣಿಸಿಕೊಳ್ಳಬೇಕು. ಮಾರ್ಚಿನಿಂದ ಮೇವರೆಗೆ ನಡುಹಗಲು ಮೇವು ಹಾಕಬೇಡಿ, ನೆರಳು, ತಣ್ಣೀರು, ಒದ್ದೆ ಗೋಣಿಚೀಲದ ಪರದೆ ಇರಲಿ. ಉಳಿದ ಎರಡರಲ್ಲಿ ಹುಂಜ ನಮ್ಮ ಕೈ ತಪ್ಪಿದ್ದು ಹೀಗೇ. 2019ರ ಮೇ ತಿಂಗಳಲ್ಲಿ ನಾವೆಲ್ಲ ಮದುವೆಗೆ ಹೋಗಿ ಬರುವಷ್ಟರಲ್ಲಿ ತಗಡಿನ ಕೆಳಗೆ ಸತ್ತಿತ್ತು.

ಇನ್ನು ಸಂಘಕ್ಕೆ ಸಂಬಂಧಪಟ್ಟ ಮಾತು. ಕೊಕ್ಕರೆ ರೋಗ ಅಂತ ನಾವು ಕರೆಯುವ ರಾಣಿಖೇತ್ ರೋಗಕ್ಕೆ ಏಳನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ಎಂಟನೇ ವಾರ ಚುಚ್ಚುಮದ್ದು. ನಾಟಿ ಕೋಳಿಗೂ ಇದು ಬೇಕೇ ಬೇಕು. ಆದರೆ ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಮರಿ ಇರುವವನು ಒಬ್ಬನೇ ಹೋದರೆ ಮಿಕ್ಕಿದ್ದು ಚರಂಡಿಗೆ. ಹಾಲು ಒಟ್ಟುಗೂಡಿಸುವವರಿಗೆ ಮರಿ ಒಟ್ಟುಗೂಡಿಸುವುದು ದೊಡ್ಡದಲ್ಲ. ಒಂದು ದಿನ ಗೊತ್ತು ಮಾಡಿ ಎಲ್ಲರೂ ಬುಟ್ಟಿ ತಂದರೆ ಒಂದೇ ಸೀಸೆಯಲ್ಲಿ ಕೆಲಸ ಆಗುತ್ತದೆ. ಮರಿ ತರಿಸುವಾಗಲೂ ಹಾಗೇ, ಹೆಬ್ಬಾಳದಂಥ ಕಡೆಯಿಂದ ಒಟ್ಟಿಗೆ ಗಿರಿರಾಜವನ್ನೋ ಸ್ವರ್ಣಧಾರೆಯನ್ನೋ ತರಿಸಬಹುದು. ಬೈಕಿನವನು ಬಂದರೆ ನಿರ್ದೇಶಕರ ಮುಖ ನೋಡಿ ತಗೋಬೇಡಿ. ಇದನ್ನು ನಾವೇ ಹೇಳುತ್ತಿದ್ದೇವೆ.

ಗುಂಡಮ್ಮ ಏನಾದಳು ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಉಳಿದ ಆ ಹೇಟೆ ಅಳತೆ ಮೇವಿನಲ್ಲಿ ನಿಧಾನವಾಗಿ ಎದ್ದು ಓಡಾಡಿತು. ಮಳೆಗಾಲಕ್ಕೆ ಮೊಟ್ಟೆಗೆ ಕೂತಿತು. ಬೆಳಿಗ್ಗೆ ಹಾಲಿನ ಕ್ಯಾನು ತಗೊಂಡು ನಾವು ಹೊರಟರೆ ವಾಲಾಡಿಕೊಂಡು ಗೇಟಿನವರೆಗೆ ಬರುತ್ತಿತ್ತು, ಅಲ್ಲಿಂದ ಮುಂದೆ ಅದಕ್ಕೆ ಆಗುತ್ತಿರಲಿಲ್ಲ. 2021ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಗೂಡಿನಿಂದ ಈಚೆಗೆ ಬರಲಿಲ್ಲ. ಮಕ್ಕಳು ತೆಂಗಿನ ಬುಡದಲ್ಲಿ ಹೂತರು. ಮೇವಿನ ಡಬ್ಬದ ಬೀಗ ಇನ್ನೂ ಗೂಟದಲ್ಲೇ ಇದೆ.