ಚೌಕಟ್ಟಿಗೊಂದು ಕರ್ಣ
(ಶತಮಾನೋತ್ಸವದ ಸಂದರ್ಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ವೇದಿಕೆಯ ಮೇಲೆ ಮೋಟಾರು ಕಾರಿನ ಚೌಕಟ್ಟಿನ ಮಾತೇಕೆ ಎಂದು ಕೆಲವರಿಗಾದರೂ ಅನಿಸೀತು. ನಾಡುನುಡಿಯ ಕುರಿತು ನನಗಿಂತ ಚೆನ್ನಾಗಿ ಮಾತನಾಡಬಲ್ಲ ಹಿರಿಯರು ಇಲ್ಲಿದ್ದಾರೆ. ನಾನು ವಾಹನಗಳ ಒಡಲನ್ನು ಪರೀಕ್ಷಿಸುವ ಕೆಲಸದಲ್ಲಿ ಆಯುಷ್ಯ ಕಳೆದವನು. ಮಕ್ತಲ್, ನಾರಾಯಣಪೇಟೆ, ಗದ್ವಾಲಗಳ ಕಡೆ ಕನ್ನಡದಲ್ಲಿ ಓದಿದ ಮಗುವಿಗೆ ಯಂತ್ರವಿದ್ಯೆ ಕೈಗೆಟುಕದೆಂಬ ಅಳುಕು ಅನೇಕ ಪಾಲಕರಲ್ಲಿ ಇಂದಿಗೂ ಉಳಿದಿದೆ. ಆ ಅಳುಕು ನಿಜವೋ ಅಲ್ಲವೋ ಎಂಬುದನ್ನು ನೀವೇ ನಿರ್ಣಯಿಸಲೆಂದು ಈ ವಿಷಯವನ್ನು ಆರಿಸಿಕೊಂಡೆ.

ನನ್ನ ಕೈಯಲ್ಲಿ ಒಂದು ಖಾಲಿ ಬೆಂಕಿಪೊಟ್ಟಣವಿದೆ. ಒಳಗಿನ ತಟ್ಟೆಯನ್ನು ಹೊರತೆಗೆದು ಎರಡು ತುದಿಗಳನ್ನು ಹಿಡಿದು ತಿರುಚಿದರೆ ಅದು ಸಲೀಸಾಗಿ ತಿರುಚಿಕೊಳ್ಳುತ್ತದೆ. ಅದನ್ನೇ ಮತ್ತೆ ಹೊದಿಕೆಯೊಳಗೆ ತೂರಿಸಿ ತಿರುಚಿ ನೋಡಿ, ಸುಲಭಕ್ಕೆ ಮಣಿಯದು. ಛಾವಣಿಯುಳ್ಳ ಕಾರು ಹೊದಿಕೆಯೊಳಗಿನ ಪೊಟ್ಟಣವಿದ್ದಂತೆ. ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರು ಬರಿಯ ತಟ್ಟೆ. ಇದಕ್ಕೆ ಲೆಕ್ಕವೂ ಉಂಟು. ಗೋಡೆಯ ದಪ್ಪದ 10 ಪಟ್ಟು ತ್ರಿಜ್ಯವಿರುವ ಉಕ್ಕಿನ ಕೊಳವೆಯನ್ನು ಉದ್ದಕ್ಕೂ ಒಂದೇ ಒಂದು ಗೆರೆಯಷ್ಟು ಸೀಳಿದರೆ, ತಿರುಚುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಯ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಯುವಕನೊಬ್ಬ ಹಳೆಯ ಕಾರೊಂದರ ಛಾವಣಿಯನ್ನು ಕತ್ತರಿಸಿ ತೆಗೆದು, ಅದನ್ನು ಸ್ಪೋರ್ಟ್ಸ್ ಕಾರಾಗಿಸುವ ಹುಮ್ಮಸ್ಸಿನಿಂದ ನನ್ನಲ್ಲಿಗೆ ಬಂದಿದ್ದ. ಗಾಡಿ ನಡುವೆ ಕುಸಿದಿತ್ತು. ಒಂದು ಚಕ್ರ ರಸ್ತೆಯ ಉಬ್ಬಿನ ಮೇಲೇರಿದರೆ ಬಾಗಿಲುಗಳು ತೆರೆಯುತ್ತಲೇ ಇರಲಿಲ್ಲ. "ಸರ್, ಎಷ್ಟು ಕಬ್ಬಿಣ ಹಾಕಿಸಬೇಕು?" ಎಂದು ಕೇಳಿದ. ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎಂದು ಕೇಳಬೇಕಾಗಿತ್ತು.

ನಮ್ಮ ಮನೆಗಳ ಹೊರಸನ್ನು ನೆನಪಿಸಿಕೊಳ್ಳಿ. ಹಗ್ಗ ಸಡಿಲಾದೊಡನೆ ಅದರ ಚೌಕ ಒಂದು ಕಡೆಗೆ ವಾಲುತ್ತದೆ. ನಾಲ್ಕು ಬಾಹುಗಳ ಉದ್ದ ಬದಲಾಗದೆಯೇ ಚೌಕ ತನ್ನ ಆಕಾರವನ್ನು ಕಳೆದುಕೊಳ್ಳಬಲ್ಲುದು. ತ್ರಿಕೋನಕ್ಕೆ ಆ ಸ್ವಾತಂತ್ರ್ಯವಿಲ್ಲ. ಒಂಬತ್ತನೆಯ ತರಗತಿಯ ರೇಖಾಗಣಿತದಲ್ಲಿ ಬಾಹು-ಬಾಹು-ಬಾಹು ನಿಯಮವೆಂದು ನೀವು ಕಂಠಪಾಠ ಮಾಡುವುದು ಇದನ್ನೇ. ಚೌಕಕ್ಕೆ ಒಂದು ಕರ್ಣವನ್ನು ಕೊಟ್ಟರೆ ಅದು ಎರಡು ತ್ರಿಕೋನಗಳಾಗಿ ನಿಲ್ಲುತ್ತದೆ. ಹಲಗೆಬಾಗಿಲ ಹಿಂದೆ ಬಡಗಿ ಓರೆಪಟ್ಟಿಯನ್ನು ಬಡಿಯುವುದೂ, ತೆರೆದ ಕಾರಿನ ನೆಲದಡಿಯಲ್ಲಿ ಇಂಜಿನಿಯರು ಕತ್ತರಿಯಾಕಾರದ ಪಟ್ಟಿಗಳನ್ನು ಬಿಗಿಯುವುದೂ ಒಂದೇ ಕಾರಣಕ್ಕೆ. 1954ರಲ್ಲಿ ಹೊರಬಂದ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಕಾರಿನ ಬಾಗಿಲುಗಳು ರೆಕ್ಕೆಗಳಂತೆ ಮೇಲಕ್ಕೆ ತೆರೆದುಕೊಳ್ಳುತ್ತಿದ್ದವು. ಅದು ಶೋಕಿಯಲ್ಲ. ಕೊಳವೆಗಳ ತ್ರಿಕೋನಗಳಿಂದ ಕಟ್ಟಿದ ಚೌಕಟ್ಟು ಎರಡೂ ಪಕ್ಕಗಳಲ್ಲಿ ಎತ್ತರಕ್ಕೆ ಏರಿದ್ದರಿಂದ, ಸಾಮಾನ್ಯ ಬಾಗಿಲಿಗೆ ಅಲ್ಲಿ ಜಾಗವೇ ಇರಲಿಲ್ಲ.

ಕಾರು ಇಷ್ಟು ಬಿಗಿಯಾಗಿರಬೇಕೇಕೆ? ರಸ್ತೆಯ ಏರುತಗ್ಗುಗಳನ್ನು ಸ್ಪ್ರಿಂಗು ನುಂಗಬೇಕು, ಅದರ ಕುಣಿತವನ್ನು ಶಾಕ್ ಅಬ್ಸಾರ್ಬರ್ ತಡೆಯಬೇಕು. ಚೌಕಟ್ಟೇ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗಾಗುತ್ತದೆ, ಆದರೆ ಆ ಸ್ಪ್ರಿಂಗಿಗೆ ಲಗಾಮಿರುವುದಿಲ್ಲ. ತಿರುವಿನಲ್ಲಿ ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುವುದೆಂಬ ಲೆಕ್ಕ ತಪ್ಪುತ್ತದೆ. ಸ್ಟಿಯರಿಂಗ್ ತಿರುಗಿಸಿದವನಿಗೆ ಗಾಡಿ ತಡವಾಗಿ ಉತ್ತರಿಸುತ್ತದೆ. ಹಾಗೆಂದು ಎಲ್ಲೆಡೆಯೂ ಬಿಗಿತ ಒಳ್ಳೆಯದಲ್ಲ. ಡಿಕ್ಕಿಯಾದಾಗ ಕಾರಿನ ಮೂತಿ ಮುದುಡಿಕೊಂಡೇ ಒಳಗಿರುವವರನ್ನು ಉಳಿಸಬೇಕು. ಮುಂದೆ ದಪ್ಪ ಕಬ್ಬಿಣದ ಗಾರ್ಡನ್ನು ಕಟ್ಟಿಸಿಕೊಂಡವರು ಆ ರಕ್ಷಣೆಯನ್ನು ದುಡ್ಡು ಕೊಟ್ಟು ಕಳೆದುಕೊಂಡವರೆಂದೇ ನಾನು ತಿಳಿಯುತ್ತೇನೆ.

ಇನ್ನು ಬೆಸುಗೆಯ ಮಾತು. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಭಿನ್ನ ಸ್ವಭಾವದ ನೂಲುಗಳು ಕೂಡುವ ಗೆರೆಯುದ್ದಕ್ಕೂ ನೇಕಾರರು ಒಡಲ ಹೊಕ್ಕನ್ನೂ ಅಂಚಿನ ಹೊಕ್ಕನ್ನೂ ಒಂದೊಂದು ಎಳೆಗೂ ಕೊಕ್ಕೆ ಹಾಕಿದಂತೆ ಹೆಣೆಯುತ್ತಾರೆ. ಎಲ್ಲೋ ನಾಲ್ಕು ಕಡೆ ಹೊಲಿಗೆ ಹಾಕಿ ಬಿಟ್ಟಿದ್ದರೆ ಆ ಸೀರೆ ಎಷ್ಟು ಕಾಲ ಬಾಳುತ್ತಿತ್ತು? 1996ರಲ್ಲಿ ಇಂಗ್ಲೆಂಡಿನ ಲೋಟಸ್ ಕಂಪನಿ ತನ್ನ ಎಲೀಸ್ ಎಂಬ ತೆರೆದ ಕಾರಿನ ಅಲ್ಯೂಮಿನಿಯಂ ಭಾಗಗಳನ್ನು ಬೆಸುಗೆಯ ಬದಲು ಎಪಾಕ್ಸಿ ಅಂಟಿನಿಂದ ಕೂಡಿಸಿತು. ಅಂಟು ಕೀಲಿನುದ್ದಕ್ಕೂ ಹರಡಿ ಹಿಡಿಯುವುದರಿಂದ ತೆಳುವಾದ ಲೋಹವೇ ಸಾಕಾಯಿತು; ಚೌಕಟ್ಟಿನ ತೂಕ ಸುಮಾರು 68 ಕಿಲೋ, ನಮ್ಮಂತಹ ಒಬ್ಬ ಮನುಷ್ಯನಷ್ಟು. ಅಂಗಡಿಯಲ್ಲಿ ಮಾರುವ ಹೊಳೆಯುವ ಸರಳುಗಳಲ್ಲಿ ಕೆಲವು ನಡುವೆ ಡೊಂಕಾಗಿರುತ್ತವೆ, ಕೆಲವು ತೆಳುತಗಡಿಗೆ ಎರಡು ಬೋಲ್ಟುಗಳಿಂದ ಜೋತುಬಿದ್ದಿರುತ್ತವೆ. ಡೊಂಕು ಸರಳು ತಾನೇ ಬಾಗುತ್ತದೆ, ತೆಳುತಗಡು ಬೋಲ್ಟಿನ ಸುತ್ತ ಹರಿಯುತ್ತದೆ. ಅವುಗಳಿಂದ ಹೆಚ್ಚುವುದು ತೂಕ ಮಾತ್ರ.

ಆ ಯುವಕನಿಗೆ ನಾನು ಸರಳಿನ ಅಳತೆ ಕೊಡಲಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಆ ಗಾಡಿ ರಸ್ತೆಗಿಳಿಯಲಿಲ್ಲ. ಅವನಿಗೆ ಬೇಸರವಾಯಿತು, ನನಗೂ ಆಯಿತು, ಏಕೆಂದರೆ ಕೈಚಳಕವಿದ್ದ ಹುಡುಗ. ಇಂಥ ಹುಮ್ಮಸ್ಸಿಗೆ ಯೋಗ್ಯ ದಾರಿಯೂ ಇದೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್' ತಂಡದ ವಿದ್ಯಾರ್ಥಿಗಳು ಸ್ಪರ್ಧೆಗಳಿಗಾಗಿ ತೆರೆದ ರೇಸು ಕಾರುಗಳನ್ನು ತಾವೇ ವಿನ್ಯಾಸಗೊಳಿಸಿ ಕಟ್ಟುತ್ತಾರೆ. ಅಂತಹ ಕಾರುಗಳು ಓಡುವುದು ಊರ ರಸ್ತೆಯಲ್ಲಲ್ಲ, ಸ್ಪರ್ಧೆಯ ಪಥದಲ್ಲಿ. ಅದೂ ತಪಾಸಣೆಯಲ್ಲಿ ತೇರ್ಗಡೆಯಾದ ಬಳಿಕ.

ವಿಜ್ಞಾನದ ಕೊಠಡಿಯಲ್ಲಿ ಬಿದಿರುಕಡ್ಡಿಯ ಎರಡು ಚೌಕಟ್ಟುಗಳನ್ನು ಇಟ್ಟಿದ್ದೇನೆ. ಒಂದಕ್ಕೆ ಕರ್ಣಗಳಿವೆ; ಇನ್ನೊಂದಕ್ಕೆ ಅಷ್ಟೇ ತೂಕದ ಕಡ್ಡಿಗಳನ್ನು ನೇರವಾಗಿ ಅಡ್ಡಕ್ಕೆ ಕಟ್ಟಿದೆ. ಮೂರು ಮೂಲೆಗಳನ್ನು ಮೇಜಿಗೆ ಬಿಗಿದು ನಾಲ್ಕನೆಯದಕ್ಕೆ ಅರ್ಧ ಕಿಲೋ ತೂಗುಹಾಕಿ, ಅದು ಎಷ್ಟು ಇಳಿಯಿತೆಂದು ಸ್ಕೇಲಿನಿಂದ ಅಳೆಯಿರಿ. ಮಕ್ಕಳು ಅವನ್ನು ಮುರಿದರೂ ಚಿಂತೆಯಿಲ್ಲ, ಗುರುಗಳೇ. ಪಕ್ಕದಲ್ಲಿ ಇನ್ನೊಂದು ಕಟ್ಟು ಬಿದಿರನ್ನೂ ದಾರದ ಉಂಡೆಯನ್ನೂ ಇಟ್ಟಿದ್ದೇನೆ.