ಒಲೆಯ ಹೊಗೆ ಮತ್ತು ನೆರೆಯವನ ಹಕ್ಕು
(ಹೆಡತಲೆಯಲ್ಲಿ ನೂಲು ಬಿಚ್ಚುವವರು ಮತ್ತು ಸಣ್ಣ ಉದ್ದಿಮೆದಾರರ ಸಭೆಯಲ್ಲಿ ಮಾಡಿದ ಭಾಷಣ)



ಪರಿಸರ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಅನೇಕರು ಅದು ನಗರದ ಸುಶಿಕ್ಷಿತರ ಹವ್ಯಾಸವೆಂದು ಭಾವಿಸುತ್ತಾರೆ. ದಿನದ ಗೂಡಿಗೆ ಹಣ ಹೊಂದಿಸಲು ಹೆಣಗುವವನಿಗೆ ನದಿ, ಗಾಳಿ, ಮರಗಳ ಚಿಂತೆ ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದುದರಿಂದ ನಾವು ಇಂದು ಭೂಮಂಡಲದ ಬಿಸಿಯೇರುವಿಕೆಯನ್ನು ಬದಿಗಿಟ್ಟು, ನಮ್ಮದೇ ಒಲೆಯಿಂದ ಮಾತು ಆರಂಭಿಸೋಣ.

ಮೈಸೂರು ಸೀಮೆಗೆ ರೇಷ್ಮೆ ಬಂದುದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನರು ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿದಾಗ. 1912ರಲ್ಲಿ ಮೈಸೂರಿನಲ್ಲಿ ಅರಸರ ಕಾಲದ ರೇಷ್ಮೆ ಕಾರ್ಖಾನೆ ಸ್ಥಾಪನೆಯಾಯಿತು. ಸುಲ್ತಾನರ ಹೆಸರನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಅವರು ಬಿತ್ತಿದ ಕಸುಬಿನ ಸ್ಥಿತಿ ನೋಡಲು ಒಮ್ಮೆ ನೂಲು ಬಿಚ್ಚುವ ಮನೆಯೊಳಗೆ ಕಾಲಿಡಬೇಕು. ರೈತನು ಗೂಡು ಬೆಳೆಯುತ್ತಾನೆ. ಅದನ್ನು ನೂಲಾಗಿಸುವವರಲ್ಲಿ, ರಾಮನಗರದಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ, ನಮ್ಮ ಸಮುದಾಯದವರ ಸಂಖ್ಯೆ ದೊಡ್ಡದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬದುಕಲಾರರು. ಕೋಮುವಾದಿಗಳು ಏನೇ ಹೇಳಲಿ, ಮಾರುಕಟ್ಟೆಯ ಹರಾಜಿನ ಕಟ್ಟೆ ಈ ಸತ್ಯವನ್ನು ಪ್ರತಿದಿನ ಸಾರುತ್ತಿದೆ.

ಕೆಲಸದ ರೀತಿ ನಿಮಗೆ ತಿಳಿದುದೇ. ಗೂಡಿನೊಳಗಿನ ಹುಳುವನ್ನು ಆವಿಯಿಂದಲೋ ಬಿಸಿಗಾಳಿಯಿಂದಲೋ ಕೊಲ್ಲಬೇಕು, ಗೂಡನ್ನು ಕುದಿನೀರಿನಲ್ಲಿ ಬೇಯಿಸಬೇಕು, ಎಳೆ ಹಿಡಿದು ಸುತ್ತಬೇಕು. ಒಂದು ಕಿಲೋ ನೂಲಿಗೆ ಮಿಶ್ರತಳಿಯ ಗೂಡಾದರೆ ಏಳೆಂಟು ಕಿಲೋ ಬೇಕು. ಅಂದರೆ ಒಳಗೆ ತಂದ ತೂಕದ ಬಹುಪಾಲು ಹೊರಗೆ ಹೋಗುವುದು ಸತ್ತ ಹುಳುವಾಗಿ ಮತ್ತು ತೇವವಾಗಿ. ಇದರ ಜೊತೆಗೆ ಮೂರು ವಸ್ತುಗಳು ನಮ್ಮ ಮನೆಯ ಗಡಿ ದಾಟುತ್ತವೆ: ಹೊಗೆ, ಕೊಳೆನೀರು, ದುರ್ವಾಸನೆ. ಈ ಮೂರಕ್ಕೂ ಲೆಕ್ಕಪುಸ್ತಕದಲ್ಲಿ ಬೆಲೆಯಿಲ್ಲ. ನೆರೆಯವನು ಅದನ್ನು ತನ್ನ ಶ್ವಾಸಕೋಶದಿಂದ ಪಾವತಿಸುತ್ತಾನೆ.

ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದರೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಫಿಕ್‌ಹ್‌ನ ಮೂಲ ಸೂತ್ರಗಳಲ್ಲೊಂದು. ದಾರಿಯಲ್ಲಿನ ಮುಳ್ಳನ್ನು ತೆಗೆಯುವುದೂ ಈಮಾನಿನ ಭಾಗವೆಂದು ನಂಬುವವನು, ದಾರಿಯ ಪಕ್ಕದ ಚರಂಡಿಗೆ ಕೊಳೆತ ಹುಳುಗಳನ್ನು ಸುರಿದು ಜುಮಾಕ್ಕೆ ಧಾವಿಸುವುದು ಹೇಗೆ ಸರಿಯಾದೀತು? ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿ(ಸ)ರು ಕಲಿಸಿದರು. ಅವರ ವುಝೂವಿಗೆ ಒಂದು ಮುದ್ದ್ ನೀರು, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರು ಸಾಕಾಗುತ್ತಿತ್ತು. ನಮ್ಮ ಮಸೀದಿಗಳ ನಲ್ಲಿಗಳ ಸ್ಥಿತಿ ಏನು ಎಂಬುದು ಬೇರೆಯೇ ಭಾಷಣದ ವಿಷಯ!

ಇಲ್ಲಿ ಕಪಿಲೆ, ಅಂದರೆ ಕಬಿನಿ, ನಂಜನಗೂಡನ್ನು ಬಳಸಿ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲೆ ಬಿಟ್ಟದ್ದು ಕೆಳಗಿನವನ ಕೊಡಕ್ಕೆ ಬರುತ್ತದೆ. ದೊಡ್ಡ ಕಾರ್ಖಾನೆಗಳನ್ನು ಬಿಟ್ಟು ಬಡ ಕಸುಬುದಾರನನ್ನೇ ಏಕೆ ಹಿಡಿಯುತ್ತೀರಿ ಎಂದು ನೀವು ಕೇಳಬಹುದು. ಸರಿಯೇ. ಜಲಮಾಲಿನ್ಯ ತಡೆ ಕಾಯ್ದೆ ಬಂದುದು 1974ರಲ್ಲಿ. ಕಾನೂನು ದೊಡ್ಡವನ ಬಾಗಿಲಲ್ಲಿ ಮೆಲ್ಲಗೆ ತಟ್ಟಿ, ಸಣ್ಣವನ ಬಾಗಿಲನ್ನು ಒದೆಯುವುದನ್ನು ನಾವು ಕಂಡಿದ್ದೇವೆ. ಈ ತಾರತಮ್ಯವನ್ನು ಪ್ರಶ್ನಿಸಲೇಬೇಕು. ಆದರೆ ಪ್ರಶ್ನಿಸುವವನ ಅಂಗಳ ಸ್ವಚ್ಛವಾಗಿದ್ದರೆ ಮಾತ್ರ ಪ್ರಶ್ನೆಗೆ ಬಲ ಬರುತ್ತದೆ.

ಈಗ ಉಪಾಯಕ್ಕೆ ಬರೋಣ. ಮೊದಲು ಸೌದೆ. ಹಸಿ ಸೌದೆ ಉರಿಸುವವನು ತನ್ನ ಹಣದಿಂದ ಮರದೊಳಗಿನ ನೀರನ್ನು ಆವಿ ಮಾಡುತ್ತಿದ್ದಾನೆ. ಗೂಡು ಬೇಯುವುದು ಆಮೇಲೆ. ಸೌದೆಯನ್ನು ಸೀಳಿ ಒಣಗಿಸಿ ಮಾಡಿನಡಿ ಇಟ್ಟರೆ ಹೊಗೆಯೂ ಖರ್ಚೂ ಇಳಿಯುತ್ತವೆ. ಒಲೆಗೆ ಕೆಳಗಿನಿಂದ ಗಾಳಿ ಬರುವ ಕಬ್ಬಿಣದ ಜಾಲರಿ ಮತ್ತು ಮಾಡಿಗಿಂತ ಎತ್ತರದ ಚಿಮಣಿ ಬೇಕು. ಚಿಮಣಿಯಲ್ಲಿ ವ್ಯರ್ಥವಾಗುವ ಶಾಖದಿಂದಲೇ ಮುಂದಿನ ಬಾನಿಗೆ ಬೇಕಾದ ನೀರನ್ನು ಬಿಸಿ ಮಾಡಿಕೊಳ್ಳಬಹುದು. ಸೌರ ಜಲತಾಪಕವನ್ನು ಅಳವಡಿಸಿದರೆ ನೀರು ಅರ್ಧ ಬಿಸಿಯಾಗಿಯೇ ಒಲೆಗೆ ಬರುತ್ತದೆ. ಕುದಿಸಲು ಉಳಿದ ಅರ್ಧ ಶಾಖ ಸಾಕು. ಸೌದೆಯನ್ನು ಅನಿಲವಾಗಿಸಿ ಉರಿಸುವ ಒಲೆಯನ್ನು ನೂಲು ಬಿಚ್ಚುವವರಿಗಾಗಿಯೇ ಟೆರಿ ಸಂಸ್ಥೆ 1990ರ ದಶಕದಲ್ಲಿ ರೂಪಿಸಿತ್ತು. ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1983ರಿಂದ ಇದೆ. ಆದರೆ ಸಂಶೋಧನಾಲಯದ ಬಾಗಿಲಿಗೂ ನಮ್ಮ ಒಲೆಗೂ ನಡುವಿನ ದಾರಿ ಬಹಳ ಉದ್ದವಾಗಿಬಿಟ್ಟಿದೆ. ಅಧಿಕಾರಿಗಳು ಬರುವುದಿಲ್ಲವೆಂದು ದೂರುತ್ತೇವೆ. ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿದ್ದೇವೆ?

ಹುಳುವಿನ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ದೊಡ್ಡದು. ಒಣಗಿದ ಹುಳುವಿನ ತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನು, ಸುಮಾರು ಕಾಲು ಭಾಗ ಎಣ್ಣೆ ಇರುತ್ತದೆ. ಕೋಳಿ ಮತ್ತು ಮೀನು ಸಾಕುವವರಿಗೆ ಅದು ಆಹಾರ, ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ. ನಾವು ಕಸವೆಂದು ಎಸೆದು ಬೈಗುಳ ತಿನ್ನುವ ವಸ್ತುವಿಗೆ ಕೊಳ್ಳುವವರಿದ್ದಾರೆ. ಅದೇ ದಿನ ಬಿಸಿಲಿಗೆ ಹರಡಿ ಒಣಗಿಸುವ ಶಿಸ್ತು ಇದ್ದರೆ ಸಾಕು. ಒಂದು ದಿನ ರಾಶಿ ಹಾಕಿಟ್ಟರೆ ಮುಗಿಯಿತು, ನಾತ ಬೀದಿಯನ್ನೇ ಹಿಡಿಯುತ್ತದೆ. ಗೂಡಿನ ಅಂಟು ಕರಗಿದ ನೀರನ್ನು ನೇರವಾಗಿ ಚರಂಡಿಗೆ ಬಿಡದೆ ಎರಡು ಗುಂಡಿಗಳಲ್ಲಿ ತಂಗಿಸಿದರೆ ಕಸರು ಕೆಳಗೆ ಕೂರುತ್ತದೆ. ತಿಳಿಯಾದ ನೀರು ತೋಟಕ್ಕಾದೀತು. ಆ ನೀರನ್ನೇ ಮತ್ತೆ ಮತ್ತೆ ಬಾನಿಗೆ ಹಾಕಿದರೆ ಮಾತ್ರ ನೂಲಿನ ಬಣ್ಣ ಕಂದುತ್ತದೆ, ಅದನ್ನು ನೀವೇ ಬಲ್ಲಿರಿ.

ಹೊಗೆಯ ಮೊದಲ ಬಲಿ ಬೀದಿಯವರಲ್ಲ. ಬಾನಿಯ ಮುಂದೆ ದಿನವಿಡೀ ಕುಳಿತಿರುವ ನಮ್ಮ ತಾಯಂದಿರು, ಸಹೋದರಿಯರು ಮತ್ತು ಕೂಲಿಯಾಳುಗಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳುಗಳ ಚರ್ಮ ಸುಲಿದಿರುತ್ತದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ರೇಷ್ಮೆ ಉದ್ಯಮದಲ್ಲಿ ದುಡಿಯುವ ಜೀತದ ಮಕ್ಕಳ ಕುರಿತು ವರದಿ ಪ್ರಕಟಿಸಿತು. ಕರ್ನಾಟಕವೂ ಅದರಲ್ಲಿತ್ತು. ಅಂತಹ ವರದಿಯನ್ನು ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭ. ಮಗುವಿನ ಕೈಯನ್ನು ಕುದಿನೀರಿಗೆ ಅದ್ದಿಸಿ ಸೌರಫಲಕ ಹಾಕಿಸಿಕೊಂಡವನ ಉದ್ಯಮವನ್ನು ನಾವು ಶುದ್ಧವೆಂದು ಕರೆಯಲಾರೆವು.

ಇಷ್ಟೆಲ್ಲ ಕೇಳಿ, ಹಣ ಎಲ್ಲಿಂದ ಎಂದು ಕೇಳುವಿರಿ. ಇದೇ ನಿಜವಾದ ಪ್ರಶ್ನೆ. 2011ರಲ್ಲಿ ಕೇಂದ್ರ ಸರಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದು ಶೇ. 15ಕ್ಕೆ ಏರಿತು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಇಲ್ಲಿ ಒಲೆ ಆರುತ್ತದೆ. ಹೀಗಿರುವಾಗ ಸಣ್ಣವನು ಧೈರ್ಯ ಮಾಡಿ ಹೊಸ ಸಲಕರಣೆಗೆ ಬಂಡವಾಳ ಹೂಡುವುದಾದರೂ ಹೇಗೆ? ಹೂಡಹೊರಟರೆ ಎದುರಾಗುವುದು ಬಡ್ಡಿ. ಬಡ್ಡಿಯಿಂದ ದೂರವಿರಬೇಕೆನ್ನುವವನು ಹಳೆಯ ಒಲೆಗೇ ಅಂಟಿಕೊಳ್ಳುತ್ತಾನೆ, ಇಲ್ಲವೇ ಖಾಸಗಿ ಲೇವಾದೇವಿದಾರನ ಕೈಗೆ ಸಿಕ್ಕಿ ಎರಡೂ ಕಡೆ ಸೋಲುತ್ತಾನೆ.

ಇಲ್ಲಿ ಸರಕಾರಕ್ಕಿಂತ ಮೊದಲು ನಾವು ಉತ್ತರ ಕೊಡಬೇಕಾಗಿದೆ. ನಮ್ಮ ಜಮಾಅತ್‌ಗಳು ಮದುವೆ ಮಂಟಪಗಳಿಗೆ, ಮಿನಾರಗಳಿಗೆ ಸಂಗ್ರಹಿಸುವ ಹಣದಲ್ಲಿ ಸ್ವಲ್ಪವನ್ನಾದರೂ ಬಡ್ಡಿರಹಿತ ಸಾಲದ ನಿಧಿಯಾಗಿಸಲು ಏನು ಅಡ್ಡಿ? ಬಡವನು ಮತ್ತೆ ಕೈಯೊಡ್ಡದಂತೆ ಅವನ ಕಸುಬಿನ ಸಲಕರಣೆಯನ್ನೇ ಝಕಾತ್‌ನಿಂದ ಕೊಡಬಹುದೆಂದು ಹೇಳಿದ ವಿದ್ವಾಂಸರು ಹಿಂದಿನಿಂದಲೂ ಇದ್ದಾರೆ. ರಮಝಾನ್‌ನಲ್ಲಿ ಐವತ್ತು ಮಂದಿಗೆ ಸೀರೆ ಹಂಚುವ ಶ್ರೀಮಂತರು ಐದು ಮಂದಿಗೆ ಚಿಮಣಿ ಕಟ್ಟಿಸಿಕೊಟ್ಟರೆ ಫೋಟೋ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಅಷ್ಟೇ ವ್ಯತ್ಯಾಸ.

ಸೌದೆ ಉಳಿದ ಹಣದಿಂದಲೇ ಕಂತು ತೀರುವಂತೆ ಲೆಕ್ಕ ಹಾಕಬಹುದು. ಅದಕ್ಕಾಗಿ ಪ್ರತಿಯೊಬ್ಬರೂ ಈ ತಿಂಗಳು ಎಷ್ಟು ಸೌದೆ ಕೊಂಡಿರಿ, ಎಷ್ಟು ನೂಲು ತೆಗೆದಿರಿ ಎಂಬುದನ್ನು ಬರೆದಿಡಬೇಕು. ಅಸರ್ ನಮಾಝಿನ ಬಳಿಕ ಇದೇ ಅಂಗಳದಲ್ಲಿ ಮತ್ತೆ ಸೇರೋಣ. ಮೊದಲು ಯಾರ ಒಲೆಯನ್ನು ಬದಲಿಸಬೇಕು, ನಿಧಿಗೆ ಯಾರು ಎಷ್ಟು ಕೊಡುತ್ತೀರಿ ಎಂಬುದನ್ನು ಹೆಸರು ಸಹಿತ ಬರೆದುಕೊಳ್ಳಲಾಗುವುದು. ಒಣಗಿದ ಹುಳುವನ್ನು ತೋಟಕ್ಕೆ ಒಯ್ಯಲು ಬಯಸುವ ರೈತ ಬಂಧುಗಳೂ ಅಲ್ಲಿಯವರೆಗೆ ಇರಬೇಕೆಂದು ವಿನಂತಿ.