ಒಕ್ಕಣ್ಣ ಕವಿಯ ಆಸ್ತಿವ್ಯಾಜ್ಯ

ಮಧ್ಯಯುಗದ ಕವಿಗಳ ಮುಖ ನಮಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಓಸ್ವಾಲ್ಡ್ ಫಾನ್ ವೋಲ್ಕೆನ್‌ಸ್ಟೈನ್ ಎಂಬ ಜರ್ಮನ್ ಕವಿಯ ಮಾತು ಬೇರೆ. 1432ರಲ್ಲಿ ಸಿದ್ಧವಾದ ಅವನ ಹಾಡುಗಳ ಹಸ್ತಪ್ರತಿಯಲ್ಲಿ ಅವನ ವರ್ಣಚಿತ್ರವಿದೆ: ತುಂಬುಗೆನ್ನೆ, ಸಿರಿವಂತ ಉಡುಪು, ಎದೆಯ ಮೇಲೆ ಬಿರುದಿನ ಲಾಂಛನಗಳು, ಮುಚ್ಚಿದ ಬಲಗಣ್ಣು. ಆ ಕಣ್ಣಿನ ಸುತ್ತ ಹುಟ್ಟಿದ ದಂತಕಥೆಗಳು ಹಲವು. ನಮಗೆ ಈಗ ಬೇಕಾದುದು ಆತನ ಮನೆತನದ ಕಥೆ.

ಸುಮಾರು 1377ರಲ್ಲಿ ಟಿರೋಲ್ ಸೀಮೆಯಲ್ಲಿ, ಇಂದು ಇಟಲಿಗೆ ಸೇರಿರುವ ಆಲ್ಪ್ಸ್ ಕಣಿವೆಗಳಲ್ಲಿ, ಈತ ಹುಟ್ಟಿದ. ತಂದೆ ಫ್ರೀಡ್‌ರಿಶ್ ಅಲ್ಲಿನ ಕುಲೀನರಲ್ಲೊಬ್ಬ. ಮೂವರು ಗಂಡುಮಕ್ಕಳಲ್ಲಿ ಓಸ್ವಾಲ್ಡ್ ನಡುವಣವನು. ಹತ್ತರ ವಯಸ್ಸಿನಲ್ಲಿ ಪುಡಿಗಾಸಿನೊಡನೆ ಮನೆ ಬಿಟ್ಟೆನೆಂದೂ, ಅಡುಗೆಯವನಾಗಿ, ಕುದುರೆ ನೋಡಿಕೊಳ್ಳುವವನಾಗಿ ದುಡಿದೆನೆಂದೂ, ಹತ್ತು ನುಡಿಗಳನ್ನು ಬಲ್ಲೆನೆಂದೂ ಅವನೇ ಹಾಡಿಕೊಂಡಿದ್ದಾನೆ. ಕವಿಯ ಮಾತು, ಒಂದಿಷ್ಟು ತೂಗಿ ನೋಡಬೇಕಾದದ್ದು. ಆದರೆ 1415ರಲ್ಲಿ ಆತ ಕಾನ್‌ಸ್ಟಾನ್ಸ್ ನಗರದ ಧರ್ಮಸಭೆಯ ಕಾಲಕ್ಕೆ ರಾಜ ಸಿಗಿಸ್‌ಮುಂಡನ ಸೇವೆಗೆ ಸೇರಿದ್ದೂ, ಅದೇ ವರ್ಷ ಪರ್ಪಿನ್ಯಾನ್‌ವರೆಗೆ ಹೋದದ್ದೂ ನಿಜ.

1407ರಲ್ಲಿ ಅಣ್ಣತಮ್ಮಂದಿರ ನಡುವೆ ಪಾಲುಪಾರೀಖತ್ತಾಯಿತು. ಓಸ್ವಾಲ್ಡನಿಗೆ ದಕ್ಕಿದ್ದರಲ್ಲಿ ಮುಖ್ಯವಾದುದು ಶ್ಲೆರ್ನ್ ಬೆಟ್ಟದ ಬುಡದ ಹೌವೆನ್‌ಸ್ಟೈನ್ ಎಂಬ ಕೋಟೆಯ ಮೂರನೆಯ ಒಂದು ಭಾಗ. ಉಳಿದ ಎರಡು ಭಾಗ ಮಾರ್ಟಿನ್ ಯೇಗರ್ ಎಂಬಾತನ ಮನೆಯವರದು. ಒಂದೇ ಕೋಟೆಯಲ್ಲಿ ಇಬ್ಬರು ಒಡೆಯರು! ಇದರ ಫಲವೇನೆಂಬುದನ್ನು ನಮ್ಮ ಹಳ್ಳಿಗಳ ಹಿಸ್ಸೆ ಜಗಳಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. 1417ರಲ್ಲಿ ಶ್ವಾಂಗೌ ಮನೆತನದ ಮಾರ್ಗರೆಟೆಯನ್ನು ಮದುವೆಯಾದ ಮೇಲೆ ಓಸ್ವಾಲ್ಡ್ ಇಡೀ ಕೋಟೆಯನ್ನೇ ತನ್ನದೆಂದು ಹಿಡಿದು ಕುಳಿತ.

1421ರಲ್ಲಿ ಅವನು ಸೆರೆಯಾದ. ಅವನನ್ನು ಉಪಾಯವಾಗಿ ಬರಮಾಡಿಕೊಂಡು ಹಿಡಿದುಕೊಟ್ಟವಳು ಅನ್ನಾ ಹೌಸ್‌ಮನ್. ಅವಳು ಕವಿಯ ಹಿಂದಿನ ಪ್ರಿಯೆ. ಪ್ರೇಮವೇ ತನ್ನ ಕಾಲಿಗೆ ಸಂಕೋಲೆ ಬಿಗಿಯಿತೆಂದು ಆತ ಹಾಡಿನಲ್ಲಿ ಪರಿತಪಿಸುತ್ತಾನೆ. ಓದುವವರ ಮನ ಕರಗುತ್ತದೆ. ಆದರೆ ಅದೇ ಅನ್ನಾ, ದಾಖಲೆಗಳಲ್ಲಿ ಯೇಗರನ ಪಕ್ಷದವಳು. ಅಲ್ಲಿ ಪ್ರೇಮದ ಪ್ರಸ್ತಾಪವೇ ಇಲ್ಲ, ಇರುವುದು ಕೋಟೆ, ಗೇಣಿ, ಪರಿಹಾರ. ನನಗೆ ತೋರುವಂತೆ ಹಾಡು ಸುಳ್ಳು ಹೇಳುತ್ತಿಲ್ಲ. ತಾನು ಬೇರೊಬ್ಬರ ಪಾಲನ್ನು ನುಂಗಿದ್ದೆನೆಂಬ ಅರ್ಧವನ್ನು ಮಾತ್ರ ಅದು ಬಿಟ್ಟುಬಿಟ್ಟಿದೆ.

ಸೆರೆಯಾಳು ಟಿರೋಲಿನ ದೊರೆ ಡ್ಯೂಕ್ ಫ್ರೀಡ್‌ರಿಶ್‌ನ ಕೈಸೇರಿದ. 1422ರಲ್ಲಿ 6000 ಡ್ಯೂಕಾಟ್‌ಗಳ ಜಾಮೀನಿನ ಮೇಲೆ ಬಿಡುಗಡೆ. 1427ರಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾಗ ಮತ್ತೆ ಬಂಧನ. ಆ ವರ್ಷದ ಮೇ 1ರಂದು ರಾಜಿಯಾಯಿತು: ಯೇಗರನ ಮನೆಯವರಿಗೆ 500 ಡ್ಯೂಕಾಟ್ ಕೊಡಬೇಕು, ಕೋಟೆ ಓಸ್ವಾಲ್ಡನಿಗೆ. ಇಷ್ಟೆಲ್ಲ ಬವಣೆಯ ಕೊನೆಗೆ ಗೆದ್ದವನು ಅವನೇ!

ಗೆದ್ದ ಕೋಟೆಯಲ್ಲಿ ಸುಖವಿತ್ತೇ? ಅಲ್ಲಿನ ಬಾಳನ್ನು ಕುರಿತ ಹಾಡೊಂದರಲ್ಲಿ ಕಂಡುಬರುವುದು ಸುತ್ತ ಬೆಟ್ಟ, ದನ, ಮೇಕೆ, ಹಿಮ; ಒಳಗೆ ಮಕ್ಕಳ ಗದ್ದಲ. ತಾನು ಮಕ್ಕಳ ಮೇಲೆ ಕೈ ಮಾಡಿದರೆ ತಾಯಿ ಸಿಡಿಮಿಡಿಗೊಂಡು ಧಾವಿಸಿ ಬರುವುದನ್ನೂ, ಅವಳ ಕೋಪಕ್ಕೆ ತಾನು ಅಂಜುವುದನ್ನೂ ಆತ ಮುಚ್ಚಿಡುವುದಿಲ್ಲ. ಅನ್ನಾಳನ್ನು ಕುರಿತ ವಿಲಾಪಕ್ಕಿಂತ ಈ ಗೃಹಚಿತ್ರವೇ ನನಗೆ ಹೆಚ್ಚು ಪ್ರಿಯ. ಅಂದಿನ ಕುಲೀನರ ಪ್ರೇಮಗೀತಗಳಲ್ಲಿ ಹೆಂಡತಿಗೆ ಸ್ಥಾನ ಅಪರೂಪ. ಈತನಾದರೋ ಮಾರ್ಗರೆಟೆಯನ್ನು ಗ್ರೇಟ್ ಎಂಬ ಮುದ್ದು ಹೆಸರಿನಿಂದ ಕರೆದು ಹಾಡಿದ.

1445ರ ಆಗಸ್ಟ್ 2ರಂದು ಮೆರಾನ್ ಪಟ್ಟಣದಲ್ಲಿ ಓಸ್ವಾಲ್ಡ್ ತೀರಿಕೊಂಡ. ಸಮಾಧಿ ಬ್ರಿಕ್ಸೆನ್ ಬಳಿಯ ನಾಯ್‌ಷ್ಟಿಫ್ಟ್ ಮಠದಲ್ಲಿ. ಅವನ ಸುಮಾರು 130 ಹಾಡುಗಳು ಉಳಿದುಬಂದಿವೆ. ಮನೆತನದವರು ಕರಾರು, ಮುಚ್ಚಳಿಕೆ, ಲೆಕ್ಕಪತ್ರಗಳನ್ನೂ ಜೋಪಾನ ಮಾಡಿದರು. ಅವನ ಬಾಳಿನ ದಾಖಲೆಗಳು 1999ರಿಂದಾಚೆಗೆ ಐದು ಸಂಪುಟಗಳಲ್ಲಿ ಅಚ್ಚಾಗಿವೆ. ಹೌವೆನ್‌ಸ್ಟೈನ್ ಕೋಟೆಯ ಮುರುಕು ಗೋಡೆಗಳು ಈಗ ಕಾಡಿನ ನಡುವೆ ನಿಂತಿವೆ.